ಬೇಲ್ ಆಗಿದ್ದರೂ ಒಳಗೇ ಇದ್ದ ಹುಡುಗ

ಜೈಲಲ್ಲಿ ಗಲಾಟೆ ಅಂದರೆ ಹೊರಗಿನವರಿಗೆ ಗ್ಯಾಂಗು, ಮೊಬೈಲು, ಗಾಂಜಾ ನೆನಪಾಗುತ್ತೆ. ಹಾಸನ, ಚಿಕ್ಕಮಗಳೂರು ಎರಡೂ ಕಡೆ ವಾರ್ಡರ್ ಆಗಿ ಡ್ಯೂಟಿ ಮಾಡಿದ ನನಗೆ ಮೊದಲು ನೆನಪಾಗೋದು ಫೈಲಲ್ಲಿ ಕೂತಿದ್ದ ಒಂದು ಕಾಗದ. ಯಾವ ಜೈಲು ಅಂತ ಹೇಳಲ್ಲ. ಅಲ್ಲಿದ್ದವರು ಈಗಲೂ ಸರ್ವಿಸಲ್ಲಿದ್ದಾರೆ.

ಕಾಫಿ ಕೊಯ್ಲು ಶುರುವಾದರೆ ನಮ್ಮ ಅಡ್ಮಿಷನ್ ರಿಜಿಸ್ಟರಲ್ಲಿ ಅಸ್ಸಾಂ, ಬಂಗಾಳದ ಹೆಸರುಗಳು ಕಾಣಿಸಿಕೊಳ್ಳುತ್ತವೆ. ಲೈನ್ ಮನೆಯಲ್ಲಿ (ತೋಟದ ಕೂಲಿಯವರ ಸಾಲುಮನೆ) ಜಗಳ, ಕಾಫಿ ಬೀಜ ಕದ್ದ ಆರೋಪ, ಕುಡಿದು ಹೊಡೆದಾಟ, ಹೆಚ್ಚಾಗಿ ಇಂಥವೇ ಕೇಸು. ಈ ಹುಡುಗನೂ ಹಾಗೇ ಬಂದವನು. ಜೊತೆಗೆ ಅದೇ ಕೇಸಲ್ಲಿ ಇನ್ನೊಬ್ಬ ಇದ್ದ, ಇಲ್ಲಿಯವನೇ. ಅವನ ಚಿಕ್ಕಪ್ಪ ಪಹಣಿ ಹಿಡಿದುಕೊಂಡು ಬಂದು ಶ್ಯೂರಿಟಿ ಕೊಟ್ಟರು, ಅವನು ಹೊರಟುಹೋದ. ಇವನು ಉಳಿದ. ಮುಲಾಖತ್‌ಗೆ, ಅಂದರೆ ಭೇಟಿಗೆ, ಯಾರೂ ಬರಲಿಲ್ಲ, ಫೋನ್ ಮಾಡೋಣ ಅಂದರೆ ಯಾವ ನಂಬರೂ ಅವನಿಗೆ ಬಾಯಲ್ಲಿರಲಿಲ್ಲ.

ಬರಬರುತ್ತಾ ಊಟ ಕಮ್ಮಿ ಮಾಡಿದ. ಮುದ್ದೆ ಹಿಡಿಸುತ್ತಿಲ್ಲ ಅಂತ ಕೆಲವರು ಅಂದರು, ಗಾಂಜಾ ಸಿಗದೆ ಹೀಗಾಗಿದ್ದಾನೆ ಅಂತ ಇನ್ನು ಕೆಲವರು. ಡಾಕ್ಟರ್ ನೋಡಿ ವಿಟಮಿನ್ ಮಾತ್ರೆ ಬರೆದರು.

ಆವತ್ತು ಸಂಜೆ ಲಾಕಪ್ ಹೊತ್ತು. ಎಣಿಸಿ ಒಳಗೆ ಬಿಡುತ್ತಿದ್ದೆವು. ಸಾಲಲ್ಲಿ ಬಂದವನು ಬ್ಯಾರಕ್ ಬಾಗಿಲ ಎದುರಿಗೇ ನೆಲದ ಮೇಲೆ ಕೂತುಬಿಟ್ಟ. ಏಳು ಅಂದರೆ ಏಳಲಿಲ್ಲ. ಊಟದ ತಟ್ಟೆಯನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದಿದ್ದ. ಹಿಡಿತ ಎಷ್ಟಿತ್ತು ಅಂದರೆ ಅಲ್ಯೂಮಿನಿಯಂ ಅಂಚು ಬಾಗಿಹೋಗಿತ್ತು, ಉಗುರಿನ ಬುಡ ಬೆಳ್ಳಗಾಗಿತ್ತು. ಮುದ್ದೆ ಜಾರಿ ಅಂಗಿಗೆ ಅಂಟಿಕೊಂಡಿದ್ದರೂ ಅವನಿಗೆ ಪರಿವೆಯಿಲ್ಲ.

ಆ ಕಡೆ ನಾವಿದ್ದವರು ಇಬ್ಬರೇ, ನಾನು ಮತ್ತು ಹೆಡ್ ವಾರ್ಡರ್. ಬ್ಯಾರಕ್ ತೆರೆದೇ ಇದೆ, ಬೀಗದ ಕೈ ನನ್ನ ಕೈಯಲ್ಲಿದೆ. ಒಳಗೆ ಹೋಗಿದ್ದವರೆಲ್ಲ ಸರಳಿನ ಹತ್ತಿರ ಬಂದು ನಿಂತರು. ಯಾರೋ ಒಬ್ಬ ತಟ್ಟೆಯಿಂದ ಸರಳಿಗೆ ಬಡಿದ. ಹಿಂದೆಯೇ ಮತ್ತೊಬ್ಬ. ಆಮೇಲೆ ಯಾರು ಬಡಿಯುತ್ತಿದ್ದಾರೆ ಅಂತ ಗೊತ್ತಾಗದಷ್ಟು ಸದ್ದು. ಜೈಲಲ್ಲಿ ಕೆಲಸ ಮಾಡಿದವರಿಗೆ ಆ ಸದ್ದು ಗೊತ್ತು. ಅತ್ತ ಆಫೀಸಿಂದ ವಾಕಿಯಲ್ಲಿ ಒಂದೇ ಸಮ, 'ಟ್ಯಾಲಿ ಕೊಡಿ, ಯಾಕ್ರೀ ಲೇಟು?' ಟ್ಯಾಲಿ ಅಂದರೆ ತಲೆ ಎಣಿಕೆಯ ಲೆಕ್ಕ. ಗೇಟಲ್ಲಿದ್ದವನು ಲಾಠಿ ಹಿಡಿದು ಓಡಿ ಬಂದ. ಎಳೆದು ಒಳಗೆ ಹಾಕಿದರೆ ಅರ್ಧ ನಿಮಿಷದ ಕೆಲಸ. ಆದರೆ ಕೈ ಹಾಕಿದ ಕ್ಷಣ ಬ್ಯಾರಕ್ ಪೂರ್ತಿ ಹೊರಗೆ ನುಗ್ಗುತ್ತಿತ್ತು, ಅದರಲ್ಲಿ ನನಗೆ ಅನುಮಾನವೇ ಇಲ್ಲ.

ಹೆಡ್ ವಾರ್ಡರ್ ತಮ್ಮ ಲಾಠಿ ನನಗೆ ಕೊಟ್ಟು, 'ಒಂದ್ನಿಮಿಷ ಸುಮ್ನಿರ್ರಪ್ಪಾ ಎಲ್ಲಾರೂ' ಅಂದರು. ಮಿಲಿಟರಿಯಲ್ಲಿದ್ದು ಬಂದವರು, ಹಿಂದಿ ಸಲೀಸು. ಹುಡುಗನ ಎದುರು ನೆಲದಲ್ಲೇ ಕೂತರು. ಅವನ ಊರು ಕೇಳಿದರು, ತಾಯಿ ಇದ್ದಾರಾ ಕೇಳಿದರು, ಏಳು ಅಂತ ಮಾತ್ರ ಹೇಳಲಿಲ್ಲ. ಬಡಿತ ತಾನಾಗೇ ನಿಂತಿತು, ಅವರು ಮಾತಾಡುತ್ತಿರೋದು ಕೇಳಿಸಿಕೊಳ್ಳಬೇಕಿತ್ತಲ್ಲ ಎಲ್ಲರಿಗೂ. ಕೊನೆಗೆ ಹುಡುಗ ಬಾಯಿ ಬಿಟ್ಟ. ಜೊತೆಯವನಿಗೆ ಬೇಲ್ ಆಗಿದೆ, ತನಗೆ ಆಗಿಲ್ಲ, ಹತ್ತು ವರ್ಷ ಇಲ್ಲೇ ಅಂತ ಬ್ಯಾರಕ್ಕಲ್ಲಿ ಯಾರೋ ಹೇಳಿದ್ದಾರೆ. ಅದನ್ನೇ ನಂಬಿದ್ದಾನೆ.

'ನಾಳೆ ಬೆಳಗ್ಗೆ ನಿನ್ನ ಫೈಲು ನಾನೇ ನೋಡ್ತೀನಿ' ಅಂತ ಇವರು ಮಾತು ಕೊಟ್ಟ ಮೇಲೆ ಎದ್ದು ಒಳಗೆ ಹೋದ.

ಬೆಳಗ್ಗೆ ವಾರೆಂಟ್ ಫೈಲ್ ತೆಗೆದರೆ ಬೇಲ್ ಆರ್ಡರ್ ಅದರಲ್ಲೇ ಇದೆ. ಕೋರ್ಟಿಂದ ಮೇಲ್ ಬಂದು ತಿಂಗಳು ದಾಟಿತ್ತು. ಪ್ರಿಂಟ್ ತೆಗೆದು ಫೈಲಿಗೆ ಸೇರಿಸಿದ್ದಾರೆ, ಜೈಲಿನ ಸಾಫ್ಟ್‌ವೇರ್ ಇ-ಪ್ರಿಸನ್ಸ್‌ನಲ್ಲಿ ತಾರೀಕು ಹಾಕಿದ್ದಾರೆ. ಬಾಂಡ್, ಒಬ್ಬ ಶ್ಯೂರಿಟಿ ಅಂತ ಷರತ್ತು. ಶ್ಯೂರಿಟಿ ಕೊಡುವವರು ಬರಲಿಲ್ಲ, ಆದ್ದರಿಂದ ರಿಲೀಸ್ ಆರ್ಡರ್ ಬರಲಿಲ್ಲ. ನಿನಗೆ ಬೇಲ್ ಆಗಿದೆ ಅಂತ ಆ ಹುಡುಗನಿಗೆ ಹೇಳಿದವರು ಒಬ್ಬರೂ ಇಲ್ಲ.

ನನಗೆ ಇವತ್ತಿಗೂ ಉರಿಯೋದು ಇದೇ. ಇದಕ್ಕೆ ದಾರಿ ಇಲ್ಲ ಅಂತಲ್ಲ. 2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಬೇಲ್ ಆರ್ಡರ್ ಅದೇ ದಿನ ಅಥವಾ ಮರುದಿನ ಜೈಲಿಗೆ ಮೇಲ್ ಆಗಬೇಕು, ಕೈದಿಗೆ ತಲುಪಬೇಕು. 7 ದಿನದಲ್ಲಿ ಅವನು ಬಿಡುಗಡೆಯಾಗದಿದ್ದರೆ ಸೂಪರಿಂಟೆಂಡೆಂಟರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ಷರತ್ತು ಸಡಿಲಿಸಬಹುದಾ ಅಂತ ಕೋರ್ಟು ತಾನಾಗೇ ನೋಡಬಹುದು. ಬಿಡುಗಡೆ ತಡವಾಗಲು ಸ್ಥಳೀಯ ಶ್ಯೂರಿಟಿ ಕೇಳೋದೂ ಒಂದು ಕಾರಣ ಅಂತಲೂ ಅದರಲ್ಲೇ ಇದೆ. ಅದೇ ವರ್ಷ ಕೇಂದ್ರ ಸರ್ಕಾರದ ಬಡ ಕೈದಿಗಳ ನೆರವಿನ ಯೋಜನೆಯೂ ಬಂತು, ವಿಚಾರಣಾಧೀನ ಕೈದಿಯ ಜಾಮೀನಿಗೆ ಆಗ 40,000 ರೂಪಾಯಿವರೆಗೆ ಕೊಡಬಹುದಿತ್ತು. ಇಷ್ಟೆಲ್ಲ ಇದ್ದೂ ನಮ್ಮಲ್ಲಿ ಇಮೇಲ್ ನೋಡುವವನೇ ಮುಲಾಖತ್ ಟೋಕನ್ ಕೊಡಬೇಕು, ಕೋರ್ಟಿನ ವಿಡಿಯೋ ಕಾನ್ಫರೆನ್ಸಿಗೆ ಕೈದಿಗಳನ್ನು ಕೂರಿಸಬೇಕು, ಕ್ಯಾಂಟೀನ್ ಲೆಕ್ಕವನ್ನೂ ಬರೆಯಬೇಕು. ಸಾಫ್ಟ್‌ವೇರಲ್ಲಿ ತಾರೀಕು ಹಾಕಿದರೆ ಮೇಲಿನವರ ಲೆಕ್ಕದಲ್ಲಿ ಕೆಲಸ ಮುಗೀತು.

ಅವತ್ತೇ ಪ್ರಾಧಿಕಾರಕ್ಕೆ ಪತ್ರ ಹೋಯಿತು. ಅಲ್ಲಿಂದ ಪ್ಯಾರಾ ಲೀಗಲ್ ವಾಲಂಟಿಯರ್ (ಕಾನೂನು ನೆರವಿನ ಸ್ವಯಂಸೇವಕರು) ಬಂದು ಹುಡುಗನ ಹತ್ತಿರ ಕೂತು ಎಲ್ಲ ಬರೆದುಕೊಂಡರು, ಪ್ಯಾನಲ್ ವಕೀಲರು ಕೋರ್ಟಿಗೆ ಅರ್ಜಿ ಹಾಕಿದರು. ಶ್ಯೂರಿಟಿ ಇಲ್ಲದೆ ಸ್ವಂತ ಬಾಂಡ್ ಮೇಲೆ ಹುಡುಗ ಬಿಡುಗಡೆಯಾದ. ಗೇಟಲ್ಲಿ ಹೆಬ್ಬೆಟ್ಟು ಒತ್ತುವಾಗಲೂ ನಿಜವಾ ಅಂತ ಹೆಡ್ ವಾರ್ಡರ್ ಮುಖ ನೋಡುತ್ತಿದ್ದ.

ಮೂಡಿಗೆರೆಯಲ್ಲೋ ಸಕಲೇಶಪುರದಲ್ಲೋ ಲೈನ್ ಮನೆಯಲ್ಲಿರುವವನಿಗೆ ಪಹಣಿ ಇರುವ ಜಾಮೀನುದಾರ ಎಲ್ಲಿಂದ ಸಿಗಬೇಕು? ಬೇಲ್ ಆರ್ಡರನ್ನು ಕೈದಿಗೆ ಅವನ ಭಾಷೆಯಲ್ಲಿ ಓದಿ ಹೇಳಿದ್ದೇವೆ ಅಂತ ಸಹಿ ಹಾಕಿಸಿಕೊಳ್ಳೋದಕ್ಕೆ ಒಂದು ರಿಜಿಸ್ಟರ್ ಕೊಡಿ ಅಂತ ಕೇಳಿದ್ದೇನೆ, ಇನ್ನೂ ಬಂದಿಲ್ಲ. ನನ್ನ ಶಿಫ್ಟಲ್ಲಿ ನೋಟ್‌ಬುಕ್ಕಲ್ಲಿ ಬರೆದಿಡುತ್ತೇನೆ. ಕೈದಿಯ ಭಾಷೆ ನನಗೆ ಬಾರದಿದ್ದರೆ ಅದು ಗೊತ್ತಿರುವವನೊಬ್ಬನನ್ನು ಬ್ಯಾರಕ್ಕಿಂದ ಕರೆದು ಹೇಳಿಸುತ್ತೇನೆ.

ಎಸ್ಟೇಟ್ ರೈಟರುಗಳು, ಮೇಸ್ತ್ರಿಗಳು ಇದನ್ನು ಓದುತ್ತಿದ್ದರೆ ದಯವಿಟ್ಟು ಕೇಳಿ. ನಿಮ್ಮ ಲೈನಿಂದ ಯಾರಾದರೂ ಒಳಗೆ ಹೋದರೆ ಪಟ್ಟಿಯಿಂದ ಹೆಸರು ಹೊಡೆದುಹಾಕಿ ಕೈ ತೊಳೆದುಕೊಳ್ಳಬೇಡಿ. 15100ಕ್ಕೆ ಫೋನ್ ಮಾಡಿ, ಕಾನೂನು ಸೇವೆಯ ಸಹಾಯವಾಣಿ ಅದು. ಅವನ ಮನೆಯವರ ನಂಬರ್ ನಿಮ್ಮ ಹತ್ತಿರ ಇದ್ದರೆ ಅದನ್ನೂ ಜೈಲಿಗೆ ತಲುಪಿಸಿ.