ಮುಂದಿನಿಂದ ಕಟಕ್ ಅಂತಿದೆ, ಯಾವ ಪಾರ್ಟ್ ಹಾಕಿಸಲಿ?

"ಹಳೇ ಪಿಕಪ್ ಇದೆ. ಸ್ಟೇರಿಂಗ್ ತಿರುಗಿಸಿದರೆ, ಗುಂಡಿಗೆ ಇಳಿದು ಹತ್ತಿದರೆ ಮುಂದಿನಿಂದ ಕಟಕ್ ಅಂತ ಸದ್ದು. ಬಾಲ್ ಜಾಯಿಂಟ್ (ಚಕ್ರವನ್ನು ಸಸ್ಪೆನ್ಷನ್ನಿಗೆ ಸೇರಿಸುವ ಗುಂಡು ಕೀಲು) ಹಾಕಿಸಿದ್ದಾಯ್ತು, ಹೋಗಲಿಲ್ಲ. ಇನ್ನೇನು ಹಾಕಿಸಲಿ?" ಹಳೇ ಗಾಡಿ ಇಟ್ಟುಕೊಂಡವರು ಹೆಚ್ಚಾಗಿ ಕೇಳುವುದು ಇದನ್ನೇ. ನನ್ನ ಉತ್ತರವೂ ಪ್ರತಿಸಲ ಒಂದೇ: ಸದ್ಯಕ್ಕೆ ಏನೂ ಹಾಕಿಸಬೇಡಿ. ಯಾವ ಜಾಯಿಂಟ್ ಲೂಸಾಗಿ ಅಲುಗುತ್ತಿದೆ ಎಂದು ಕಣ್ಣಾರೆ ನೋಡುವ ತನಕ ಹೊಸ ಪಾರ್ಟ್ ತರುವುದು ಬೇಡ.

ಇಲ್ಲಿ ಕಿವಿಯನ್ನು ಅಷ್ಟಾಗಿ ನಂಬುವಂತಿಲ್ಲ. ಪಿಕಪ್‌ನ ಚಾಸಿ ಅಂದರೆ ಉದ್ದನೆಯ ಉಕ್ಕಿನ ತೊಲೆ, ಬಲಗಡೆಯ ಸದ್ದನ್ನು ಎಡಗಾಲ ಹತ್ತಿರ ತಂದು ಕೇಳಿಸುತ್ತದೆ. ಹಾಗಾಗಿ ಸದ್ದು ಎಲ್ಲಿಂದ ಬರುತ್ತಿದೆ ಅನ್ನುವುದಕ್ಕಿಂತ ಯಾವಾಗ ಬರುತ್ತಿದೆ ಅನ್ನುವುದನ್ನು ಗಮನಿಸಿ. ನಿಂತಲ್ಲೇ ತಿರುಗಿಸಿದಾಗಲಾ, ಗುಂಡಿಯಲ್ಲಿ ಮಾತ್ರವಾ, ಬ್ರೇಕ್ ಒತ್ತಿದ ಕ್ಷಣಕ್ಕಾ, ವೇಗ ಏರಿದಂತೆಲ್ಲ ಏರುತ್ತದಾ? ಇಷ್ಟು ಬರೆದಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಗಾಡಿ ಎತ್ತುವ ಮೊದಲು ವೀಲ್ ನಟ್ ಬಿಗಿ ಇವೆಯಾ ನೋಡಿ. ಬ್ಯಾಟರಿ, ಬಾನೆಟ್ ಲಾಕ್, ಶಾಕ್ ಅಬ್ಸಾರ್ಬರ್‌ನ ಮೇಲಿನ ಬುಷ್ (ರಬ್ಬರಿನ ಬಳೆ), ಇಷ್ಟನ್ನು ಕೈಯಲ್ಲಿ ಅಲ್ಲಾಡಿಸಿ. ನಗಬೇಡಿ, ಸಸ್ಪೆನ್ಷನ್ ಎಲ್ಲ ಬಿಚ್ಚಿದ ಮೇಲೆ ಕೊನೆಗೆ ಬ್ಯಾಟರಿ ಕ್ಲ್ಯಾಂಪ್ ಲೂಸು ಅಂತ ಗೊತ್ತಾಗುವುದು ಅಪರೂಪವೇನಲ್ಲ.

ಸ್ಟೇರಿಂಗ್ ಸದ್ದಿಗೆ ಜಾಕ್ ಬೇಡ. ಗಾಡಿ ತನ್ನ ಭಾರದಲ್ಲೇ ನಾಲ್ಕು ಚಕ್ರದ ಮೇಲೆ ನಿಂತಿರಬೇಕು. ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲೋ ಮರದ ತುಂಡೋ ಕೊಡಿ. ಪವರ್ ಸ್ಟೇರಿಂಗ್ ಇದ್ದರೆ ಎಂಜಿನ್ ಚಾಲೂ ಇರಲಿ, ಗೇರ್ ನ್ಯೂಟ್ರಲ್‌ನಲ್ಲಿರಲಿ (ಆಟೊಮ್ಯಾಟಿಕ್ ಆದರೆ ಪಾರ್ಕ್‌ನಲ್ಲಿ). ಒಬ್ಬರು ಸೀಟಿನಲ್ಲಿ ಕೂತು ಸ್ಟೇರಿಂಗನ್ನು ಗಡಿಯಾರದ 11ರಿಂದ 1ರ ತನಕ ಅತ್ತಿತ್ತ ನಿಧಾನಕ್ಕೆ ಆಡಿಸುತ್ತಿರಲಿ. ಟೈರು ನೆಲ ಕಚ್ಚಿಕೊಂಡಿರುವುದರಿಂದ ಲಿಂಕೇಜ್ (ಸ್ಟೇರಿಂಗ್ ಬಾಕ್ಸನ್ನು ಚಕ್ರಗಳಿಗೆ ಸೇರಿಸುವ ಸರಳುಗಳು) ಮೇಲೆ ಪೂರಾ ಒತ್ತಡ ಬೀಳುತ್ತದೆ. ಸವೆದ ಜಾಯಿಂಟ್ ಬಚ್ಚಿಟ್ಟುಕೊಳ್ಳಲು ಜಾಗವೇ ಇರುವುದಿಲ್ಲ. ನೀವು ಕೆಳಗೆ ಟಾರ್ಚ್ ಹಿಡಿದು ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ನೋಡುತ್ತ ಬನ್ನಿ.

ಮೊದಲು ಸ್ಟೇರಿಂಗ್ ಶಾಫ್ಟ್ ಸ್ಟೇರಿಂಗ್ ಬಾಕ್ಸಿಗೆ (ಸ್ಟೇರಿಂಗಿನ ಗೇರ್ ಇರುವ ಪೆಟ್ಟಿಗೆಗೆ) ಸೇರುವ ಜಾಗ. ಅಲ್ಲಿ ರಬ್ಬರ್ ಕಪ್ಲಿಂಗ್ ಅಥವಾ ಚಿಕ್ಕ ಯೂನಿವರ್ಸಲ್ ಜಾಯಿಂಟ್ ಇರುತ್ತದೆ. ಮೇಲಿನ ತುಂಡು ತಿರುಗಿ ಕೆಳಗಿನದು ತಡವಾಗಿ ತಿರುಗಿದರೆ ಲೂಸು ಅಲ್ಲೇ ಇದೆ. ನಿಧಾನಕ್ಕೆ ತಿರುಗಿಸುವಾಗ ಕೈಗೇ ಟಕ್ ಅಂತ ತಟ್ಟುವ ಸದ್ದಿಗೆ ಇದೇ ಶಾಫ್ಟಿನ ಒಣಗಿದ ಸ್ಲಿಪ್ ಜಾಯಿಂಟ್ (ಒಂದರೊಳಗೊಂದು ಜಾರುವ ಜೋಡಣೆ) ಕಾರಣವಾಗಿರುವುದುಂಟು. ಅದಕ್ಕೆ ಎಷ್ಟು ಬಾಲ್ ಜಾಯಿಂಟ್ ಬದಲಿಸಿದರೂ ಪ್ರಯೋಜನವಿಲ್ಲ.

ಆಮೇಲೆ ಸ್ಟೇರಿಂಗ್ ಬಾಕ್ಸ್. ಅದರ ಬೋಲ್ಟುಗಳ ಸುತ್ತ ಚಾಸಿಯನ್ನು ಬಟ್ಟೆಯಿಂದ ಒರೆಸಿ ನೋಡಿ. ಬಣ್ಣದಲ್ಲಿ ಕೂದಲೆಳೆಯಷ್ಟು ಬಿರುಕು, ಅದರಿಂದ ಇಳಿದ ತುಕ್ಕಿನ ಗೆರೆ ಕಂಡರೆ ಚಾಸಿಯೇ ಸೀಳಿರಬಹುದು. ಹಾಗಿದ್ದರೆ ಗಾಡಿ ಅಲ್ಲೇ ನಿಲ್ಲಲಿ. ಚಾಸಿ ಗಟ್ಟಿಯಿದ್ದು ಬಾಕ್ಸ್ ಮಾತ್ರ ಅಲುಗುತ್ತಿದ್ದರೆ ಬೋಲ್ಟ್ ಸಡಿಲಾಗಿದೆ. ಬಾಕ್ಸ್ ಅಲುಗದೆ, ಒಳಹೋಗುವ ಶಾಫ್ಟ್ ತಿರುಗಿದರೂ ಪಿಟ್‌ಮನ್ ಆರ್ಮ್ (ಬಾಕ್ಸಿನಿಂದ ಹೊರಬಂದು ಲಿಂಕೇಜನ್ನು ತಳ್ಳುವ ತೋಳು) ಸುಮ್ಮನಿದ್ದರೆ ಸವೆತ ಬಾಕ್ಸಿನ ಒಳಗಿದೆ.

ಲಿಂಕೇಜಿನ ಇನ್ನೊಂದು ತುದಿಯನ್ನು ಹೊತ್ತಿರುವ ಐಡ್ಲರ್ ಆರ್ಮನ್ನು ಬಹಳ ಜನ ನೋಡುವುದೇ ಇಲ್ಲ. ಅದು ಒಂದು ಮಟ್ಟದಲ್ಲೇ ಅಡ್ಡಡ್ಡ ಓಡಾಡಬೇಕು. ಸವೆದದ್ದು ಪಕ್ಕಕ್ಕೆ ಹೋಗುವ ಮೊದಲು ಮೇಲಕ್ಕೆದ್ದು ಕೆಳಕ್ಕೆ ಕೂರುತ್ತದೆ, ಕೂತಾಗ ಕಟಕ್ ಅನ್ನುತ್ತದೆ. ಕೊನೆಗೆ ಟೈ ರಾಡ್ ಎಂಡುಗಳು (ಲಿಂಕೇಜನ್ನು ಚಕ್ರದ ಕಡೆ ಸೇರಿಸುವ ಕೀಲುಗಳು). ಜಾಯಿಂಟಿನ ಮೇಲೆ ಅಂಗೈ ಇಡಿ. ಕಣ್ಣಿಗೆ ಕಾಣದ ಲೂಸು ಅಂಗೈಗೆ ಬಡಿದು ಗೊತ್ತಾಗುತ್ತದೆ. ಬೆರಳನ್ನು ಮಾತ್ರ ಎರಡು ಭಾಗಗಳ ಸಂದಿಗೆ ತೂರಿಸಬೇಡಿ.

ಇಲ್ಲಿ ಏನೂ ಸಿಗದಿದ್ದರೆ ಜಾಕ್ ಹಾಕಿ, ಸ್ಟ್ಯಾಂಡ್ ಕೊಡಿ. ಎಲ್ಲಿ ಕೊಡುತ್ತೀರಿ ಅನ್ನುವುದೇ ಇಲ್ಲಿ ಮುಖ್ಯ, ಬಾಲ್ ಜಾಯಿಂಟ್ ಪರೀಕ್ಷೆ ಕೆಡುವುದೆಲ್ಲ ಇಲ್ಲಿಯೇ. ಸ್ಪ್ರಿಂಗ್ ಅಥವಾ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳು) ಕೆಳಗಿನ ಆರ್ಮನ್ನು (ಚಕ್ರವನ್ನು ಚಾಸಿಗೆ ಸೇರಿಸುವ ತೋಳನ್ನು) ಒತ್ತುವಂತಿದ್ದರೆ ಸ್ಟ್ಯಾಂಡ್ ಅದೇ ಆರ್ಮಿನ ಕೆಳಗೆ, ಬಾಲ್ ಜಾಯಿಂಟಿಗೆ ಆದಷ್ಟು ಹತ್ತಿರ ಬರಬೇಕು. ಚಾಸಿಗೆ ಕೊಟ್ಟರೆ ಚಕ್ರ ನೇತಾಡುತ್ತದೆ, ಸ್ಪ್ರಿಂಗು ಆರ್ಮನ್ನು ಕೆಳಕ್ಕೆ ತಳ್ಳಿ ಜಾಯಿಂಟನ್ನು ಬಿಗಿದಿಡುತ್ತದೆ, ಸವೆದ ಜಾಯಿಂಟೂ ಹೊಸದರಂತೆ ಕೂತಿರುತ್ತದೆ. ಸ್ಪ್ರಿಂಗ್ ಮೇಲಿನ ಆರ್ಮ್ ಮೇಲೆ ಕೂತಿರುವ ಗಾಡಿಗಳಲ್ಲಿ ಲೆಕ್ಕ ತಿರುಗುಮುರುಗು: ಮೇಲಿನ ಆರ್ಮ್ ಮತ್ತು ಚಾಸಿ ನಡುವೆ ಮರದ ತುಂಡು ಸಿಕ್ಕಿಸಿ, ಚಾಸಿಯನ್ನೇ ಎತ್ತಬೇಕು.

ಟೈರು ನೆಲದಿಂದ ಒಂದೆರಡು ಇಂಚು ಎದ್ದ ಮೇಲೆ ಅದರಡಿಗೆ ಸಲಾಕೆ ಕೊಟ್ಟು ಮೇಲಕ್ಕೆ ಮೀಟಿ. ಇನ್ನೊಬ್ಬರ ಕಣ್ಣು ಜಾಯಿಂಟ್ ಮೇಲಿರಲಿ. ಎಷ್ಟು ಲೂಸು ಸರಿ ಅನ್ನುವುದು ಗಾಡಿಯಿಂದ ಗಾಡಿಗೆ ಬೇರೆ, ಸರ್ವಿಸ್ ಪುಸ್ತಕದಲ್ಲಿರುತ್ತದೆ. ಕೆಲವು ಜಾಯಿಂಟುಗಳಲ್ಲಿ ಗ್ರೀಸ್ ನಿಪ್ಪಲಿನ ಬುಡವೇ ಸವೆತದ ಗುರುತು: ಅದು ಹೊರಗೆ ಎದ್ದು ಕಂಡರೆ ಸರಿ, ಒಳಗೆ ಸೇರಿಹೋಗಿದ್ದರೆ ಜಾಯಿಂಟ್ ಮುಗಿದಿದೆ. ಈ ಗುರುತನ್ನು ಮಾತ್ರ ಗಾಡಿ ನೆಲದ ಮೇಲೆ ನಿಂತಿರುವಾಗಲೇ ನೋಡಬೇಕು.

ಸ್ಟ್ಯಾಂಡ್ ಮೇಲಿರುವಾಗಲೇ ಟೈರನ್ನು 12 ಮತ್ತು 6ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಲೂಸು ಕಂಡರೆ ಒಳಗಿರುವವರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ, ಮತ್ತೆ ಅಲ್ಲಾಡಿಸಿ. ಬ್ರೇಕ್ ಹಿಡಿದಾಗ ಲೂಸು ಮಾಯವಾದರೆ ಅದು ವೀಲ್ ಬೇರಿಂಗ್, ಏಕೆಂದರೆ ಬ್ರೇಕ್ ಚಕ್ರದ ಹಬ್ ಮತ್ತು ಅದನ್ನು ಹೊತ್ತಿರುವ ಸ್ಟೇರಿಂಗ್ ನಕಲ್ (knuckle) ಎರಡನ್ನೂ ಒಂದಾಗಿ ಹಿಡಿದುಬಿಡುತ್ತದೆ. ಹಾಗೇ ಉಳಿದರೆ ಬಾಲ್ ಜಾಯಿಂಟ್, ಮುಂದೆ ಗಟ್ಟಿ ಆಕ್ಸಲ್ ಇರುವ ಕೆಲವು ಹಳೇ ಗಾಡಿಗಳಲ್ಲಿ ಕಿಂಗ್ ಪಿನ್ (ಸ್ಟೇರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಗೂಟ). ಟೇಪರ್ ಬೇರಿಂಗ್ (ಓರೆ ರೋಲರುಗಳಿರುವ ಬೇರಿಂಗ್) ಆದರೆ ಬದಲಿಸಲೇಬೇಕೆಂದಿಲ್ಲ. ಚಕ್ರ ತಿರುಗಿಸುತ್ತಲೇ ನಟ್ಟನ್ನು ಬಿಗಿದು ಬೇರಿಂಗ್ ಕೂರಿಸಿ, ಪೂರ್ತಿ ಸಡಿಲಿಸಿ, ಆಮೇಲೆ ಬರಿಗೈಯಲ್ಲಿ ಬಿಗಿಯುವಷ್ಟು ಬಿಗಿದು ಹೊಸ ಸ್ಪ್ಲಿಟ್ ಪಿನ್ (ನಟ್ ಕಳಚದಂತೆ ತಡೆಯುವ ಕಡ್ಡಿ) ಹಾಕಿ. ಕಾಣಿಸುವಷ್ಟು ಲೂಸು ಉಳಿಯಬಾರದು, ಒತ್ತಿ ಬಿಗಿದೂ ಇರಬಾರದು. ಬೇರಿಂಗಿನ ಗುಂಯ್ ಸದ್ದು ವೇಗದ ಜೊತೆ ಏರುತ್ತದೆ. ಎಡಕ್ಕೆ ತಿರುಗಿದಾಗ ಜೋರಾದರೆ ಸಾಮಾನ್ಯವಾಗಿ ಬಲಗಡೆಯದ್ದು, ಭಾರ ಆ ಕಡೆ ವಾಲುವುದರಿಂದ.

ಚಿಕ್ಕ ಚಿಕ್ಕ ಗುಂಡಿಗಳಲ್ಲಿ ಲೊಡಲೊಡ ಅನ್ನುವುದಕ್ಕೆ ನನ್ನ ಮೊದಲ ಅನುಮಾನ ಸ್ಟೆಬಿಲೈಸರ್ ಬಾರಿನ ಲಿಂಕ್ ಮೇಲೆ. ಎರಡೂ ಲಿಂಕ್ ಬಿಚ್ಚಿ, ಬಾರ್ ಯಾವುದಕ್ಕೂ ತಾಗದಂತೆ ಕಟ್ಟಿ, ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಒಂದು ಸುತ್ತು ಬನ್ನಿ. ಸದ್ದು ಹೋದರೆ ತೀರ್ಮಾನವಾಯಿತು. ಲಿಂಕ್ ಇಲ್ಲದೆ ಗಾಡಿ ತಿರುವಿನಲ್ಲಿ ಹೆಚ್ಚು ವಾಲುತ್ತದೆ, ಮರೆಯದೆ ವಾಪಸ್ ಕಟ್ಟಿ.

ಬ್ರೇಕ್ ಒತ್ತಿದಾಗ, ಅಥವಾ ಮುಂದಕ್ಕೆ ಹೋಗಿ ರಿವರ್ಸ್ ಬಂದಾಗ ಒಂದೇ ಸಲ ದಡ್ ಅಂದರೆ ಕಂಟ್ರೋಲ್ ಆರ್ಮ್ (ಆಗ ಹೇಳಿದ ಮೇಲಿನ, ಕೆಳಗಿನ ಆರ್ಮ್) ಬುಷ್. ಹೊಸ ಬುಷ್ ಹಾಕಿದವರಲ್ಲಿ ಬಹಳ ಜನ ಗಾಡಿ ಎತ್ತಿರುವಾಗಲೇ, ಆರ್ಮ್ ನೇತಾಡುತ್ತಿರುವಾಗಲೇ ಬೋಲ್ಟ್ ಬಿಗಿದುಬಿಡುತ್ತಾರೆ. ಗಾಡಿ ಇಳಿಸಿದ ಮೇಲೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಕೊನೆಯ ಬಿಗಿತ ಗಾಡಿ ತನ್ನ ಎತ್ತರದಲ್ಲಿ ಕೂತ ಮೇಲೆ.

ಕೀಚ್ ಕೀಚ್ ಅನ್ನುವ ಬುಷ್ ಯಾವುದೆಂದು ತಿಳಿಯಲು ಒಂದೊಂದಕ್ಕೇ ನೀರು ಚಿಮುಕಿಸಿ, ಬಂಪರ್ ಒತ್ತಿ ಕುಲುಕಿ. ನೀರು ಬಿದ್ದ ಕೂಡಲೇ ಸದ್ದು ನಿಂತರೆ ಸಿಕ್ಕಿತು. ಡೀಸೆಲ್, ಎಂಜಿನ್ ಆಯಿಲ್ ಹಾಕಬೇಡಿ, ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಬ್ರೇಕ್ ಮೇಲೆ ಸುಮ್ಮನೆ ಕಾಲಿಟ್ಟರೆ ನಿಲ್ಲುವ ಟಕಟಕ ಪ್ಯಾಡಿನದು. ಫೋರ್ ವೀಲ್ ಡ್ರೈವ್ ಗಾಡಿಯಲ್ಲಿ ಪೂರ್ತಿ ತಿರುಗಿಸಿ ಎಳೆದಾಗ ಕಟಕಟಕಟ ಅಂದರೆ ಹೊರಗಿನ ಸಿವಿ ಜಾಯಿಂಟ್ (ಮುಂದಿನ ಚಕ್ರ ತಿರುಗಿಸುವ ಶಾಫ್ಟಿನ ಕೀಲು).

ತಿರುಗಿಸಿದಾಗ ನರಳುವ ಪವರ್ ಸ್ಟೇರಿಂಗ್ ಪಂಪನ್ನು ಬದಲಿಸುವ ಮೊದಲು ಅದರ ಆಯಿಲ್ ಡಬ್ಬಿಯ ಮುಚ್ಚಳ ತೆಗೆದು ನೋಡಿ. ಆಯಿಲ್ ನೊರೆ ನೊರೆಯಾಗಿದ್ದರೆ ಗಾಳಿ ಸೇರಿದೆ. ಮುಂದಿನ ಚಕ್ರ ಎತ್ತಿ, ಎಂಜಿನ್ ಆಫ್ ಇಟ್ಟು, ಈ ತುದಿಯಿಂದ ಆ ತುದಿಗೆ 20 ಸಲ ನಿಧಾನಕ್ಕೆ ತಿರುಗಿಸುತ್ತ, ಇಳಿದಷ್ಟೂ ಆಯಿಲ್ ತುಂಬಿಸುತ್ತ ಹೋಗಿ. ಎಂಜಿನ್ ಚಾಲೂ ಇರುವಾಗ ತುದಿಯಲ್ಲಿ 5 ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ.

ಟೈ ರಾಡ್ ಎಂಡ್ ಬದಲಿಸಿದರೆ ಸ್ಪ್ಲಿಟ್ ಪಿನ್ನಿನ ತೂತು ಹೊಂದಲಿಲ್ಲವೆಂದು ನಟ್ ಸಡಿಲಿಸಬೇಡಿ. ಸರ್ವಿಸ್ ಪುಸ್ತಕದಲ್ಲಿ ಹೇಳಿದಷ್ಟು ಬಿಗಿದ ಮೇಲೆ ಮುಂದಿನ ತೂತಿಗೆ ಇನ್ನಷ್ಟು ಬಿಗಿಯುವುದೇ ಸರಿ. ಆಮೇಲೆ ಅಲೈನ್‌ಮೆಂಟ್ ಮಾಡಿಸಲೇಬೇಕು.

ಸ್ಟೇರಿಂಗ್ ಬಾಕ್ಸಿನ ಮೇಲಿರುವ ಅಡ್ಜಸ್ಟ್ ಸ್ಕ್ರೂ (ಬಾಕ್ಸಿನ ಒಳಗಿನ ಲೂಸು ಹೊಂದಿಸುವ ತಿರುಪು) ಮೇಲೆ ಎಲ್ಲರಿಗೂ ಕಣ್ಣು, ಸುಲಭಕ್ಕೆ ಕೈಗೆ ಸಿಗುತ್ತದಲ್ಲ. ಇಲ್ಲಿಯವರೆಗೆ ಹೇಳಿದ್ದೆಲ್ಲ ಗಟ್ಟಿಯಿದೆ ಎಂದು ಖಚಿತವಾದ ಮೇಲಷ್ಟೇ ಅದನ್ನು ಮುಟ್ಟಿ, ಅದೂ ಸರ್ವಿಸ್ ಪುಸ್ತಕದಲ್ಲಿರುವ ಕ್ರಮದಲ್ಲೇ. ತಿರುವು ಮುಗಿದ ಮೇಲೆ ಸ್ಟೇರಿಂಗ್ ಮೊದಲಿನಂತೆ ತಾನಾಗಿ ನೇರಕ್ಕೆ ಬರದಿದ್ದರೆ ಬಿಗಿದದ್ದು ಹೆಚ್ಚಾಗಿದೆ, ಮುಂದೆ ಓಡಿಸದೆ ಅಲ್ಲೇ ಸಡಿಲಿಸಿ.