ಬೆಳೆ ಬದಲಾಯಿಸಿ ಅನ್ನುವ ಮೊದಲು ಡ್ರಮ್ ಇಟ್ಟು ನೋಡಿ

ಹೊಸದುರ್ಗ, ಹೊಳಲ್ಕೆರೆ ಕಡೆ ರೈತ ಉತ್ಪಾದಕ ಕಂಪನಿಯೊಂದರಲ್ಲಿ ಹಳ್ಳಿ ಸುತ್ತುವ ಕೆಲಸ ನನ್ನದು. ಅಂತರ್ಜಲ ಕುಸಿಯುತ್ತಿದೆ, ಅಡಿಕೆ ಸಾಕು, ಬೇರೆ ಬೆಳೆ ನೋಡಿ ಅಂತ ಸಭೆಯಲ್ಲಿ ಹೇಳಿದರೆ ಎಲ್ಲರೂ ತಲೆ ಆಡಿಸುತ್ತಾರೆ, ಟೀ ಕುಡಿದು ಹೋಗಿ ಇನ್ನೊಂದು ಎಕರೆಗೆ ಅಡಿಕೆ ಗುಂಡಿ ತೆಗೆಸುತ್ತಾರೆ. ಅಡಿಕೆ ದುಡ್ಡಿನ ಮುಂದೆ ರಾಗಿ ಯಾವ ಲೆಕ್ಕ, ಅಲ್ವಾ?

ಅದಕ್ಕೇ ಈಗ ಭಾಷಣ ಬಿಟ್ಟಿದ್ದೇನೆ. ಏಪ್ರಿಲ್‌ನಲ್ಲಿ 200 ಲೀಟರ್ ಡ್ರಮ್ ಇಟ್ಟು ಬೋರ್ ನೀರು ಅಳೆಯುತ್ತೇವೆ. ಮೋಟಾರ್ ಹಾಕಿದ ತಕ್ಷಣ ಅಳೆಯಬೇಡಿ. ಅದು ರಾತ್ರಿಯೆಲ್ಲ ಬೋರಿನೊಳಗೆ ನಿಂತ ನೀರು, ಸುಮ್ನೆ ಜಾಸ್ತಿ ತೋರಿಸುತ್ತದೆ. ಒಂದು ಗಂಟೆ ಓಡಲಿ. ಡ್ರಮ್ ತುಂಬಲು 4 ನಿಮಿಷ ಹಿಡಿದರೆ ಗಂಟೆಗೆ 3,000 ಲೀಟರ್, 7 ಗಂಟೆ ತ್ರೀ ಫೇಸ್ ಕರೆಂಟ್ ಪೂರ್ತಿ ಸಿಕ್ಕರೆ 21,000. ಹನಿ ನೀರಾವರಿ ಇದ್ದರೂ ಬೇಸಿಗೆಯಲ್ಲಿ ಒಂದು ಅಡಿಕೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕು. ಎಕರೆಗೆ 550 ಮರ ಅಂದರೆ ಹೆಚ್ಚುಕಮ್ಮಿ 10,000 ಲೀಟರ್.

"ಎರಡು ಎಕರೆಗೆ ಸರಿಹೋಯ್ತು. ಮೂರನೇದಕ್ಕೆ ಎಲ್ಲಿಂದ ತರ್ತೀರಾ ಯಜಮಾನ್ರೇ?"

ನಾನು ಹೀಗೆ ಕೇಳಿದ ಮೇಲೆ ಮಾತು ಶುರುವಾಗುತ್ತದೆ. 2023ರ ಬರ ಯಾರೂ ಮರೆತಿಲ್ಲ, ಅದರ ಮುಂದಿನ ಬೇಸಿಗೆಯಲ್ಲಿ ತೋಟಕ್ಕೆ ಟ್ಯಾಂಕರ್ ಹೊಡೆಸಿದವರೇ ಎದುರಿಗೆ ನಿಂತಿರುತ್ತಾರೆ. ರಾಗಿಯನ್ನು ಮಳೆ ಕೈಕೊಟ್ಟ ವರ್ಷ ಬಿತ್ತದೇ ಬಿಡಬಹುದು. ಅಡಿಕೆಗೆ ಆ ರಜೆ ಇಲ್ಲ. ಹಾಗಾಗಿ ಇರುವ ತೋಟ ಕಡಿಯಿರಿ ಅಂತ ನಾನು ಯಾರಿಗೂ ಹೇಳುವುದಿಲ್ಲ, ಮೂರನೇ ಎಕರೆಯಲ್ಲಿ ಮುಂಗಾರಿಗೆ ರಾಗಿ ಹಾಕಿ, ರಾಗಿ ನಡುವಿನ ಅಕ್ಕಡಿ ಸಾಲಿಗೆ ತೊಗರಿ ಅಥವಾ ಅವರೆ ಬಿತ್ತಿ, ಮಳೆ ತಡವಾದರೆ ಮಾತ್ರ ಬೋರಿನಿಂದ ಒಂದೆರಡು ನೀರು ಕೊಡಿ, ಬೇಸಿಗೆಯಲ್ಲಿ ಖಾಲಿ ಇರಲಿ ಅನ್ನುತ್ತೇನೆ.

ಬೆಲೆಯ ಮಾತು ಬಿತ್ತನೆಗೆ ಮೊದಲೇ ಆಗಬೇಕು. ರಾಗಿಗೆ 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ. ತೊಗರಿ, ಅವರೆ ಚೀಲ ಯಾರು ತೂಗಿ ಕೊಳ್ಳುತ್ತಾರೆ, ತೇವ ಎಷ್ಟಿರಬೇಕು ಅನ್ನುವುದೂ ಗೊತ್ತಿರಬೇಕು. ಅದು ಹೇಳಲಾಗದಿದ್ದರೆ ಬೆಳೆ ಬದಲಾಯಿಸಿ ಅನ್ನುವ ಹಕ್ಕು ನಮಗಿಲ್ಲ.

ಹನಿ ನೀರಾವರಿ ಒಂದೇ ಸಾಕು ಅನ್ನುವವರಿಗೂ ಒಂದು ಮಾತು. ಉಳಿದ ನೀರಿಗೆ ಹೊಸ ಗಿಡ ಇಟ್ಟರೆ ಮೋಟಾರ್ ಓಡುವುದು ಅಷ್ಟೇ ಹೊತ್ತು, ಭೂಮಿಯೊಳಗೆ ಏನೂ ಉಳಿಯುವುದಿಲ್ಲ. ಅದಕ್ಕೆ ಸಬ್ಸಿಡಿ ಅರ್ಜಿ ಬರೆಯುವಾಗಲೇ ತೋಟ ಹಿಗ್ಗಿಸಲ್ಲ ಅಂತ ಮಾತು ತೆಗೆದುಕೊಳ್ಳುತ್ತೇನೆ. ಕೆಲವರು ಉಳಿಸಿಕೊಳ್ಳುತ್ತಾರೆ.

ಒಬ್ಬರು ಕಡಿಮೆ ಎತ್ತಿದರೆ ಪಕ್ಕದ ಬೋರ್ ಎಳೆಯುತ್ತದೆ, ಅದೂ ನಿಜ. ಡ್ರಮ್ ಇಡುವ ದಿನ ಅಕ್ಕಪಕ್ಕದ ಬೋರಿನವರನ್ನೂ ಕರೆಯುತ್ತೇನೆ. ತಮ್ಮ ನೀರು ಅಳೆಸಲು ಎಲ್ಲರಿಗೂ ಮುಜುಗರ. ಪಕ್ಕದವರದ್ದು ನೋಡಲು ಮಾತ್ರ ಎಲ್ಲರೂ ಟೈಮಿಗೆ ಸರಿಯಾಗಿ ಬರುತ್ತಾರೆ.