ಹಾನ್ ಕಾಲದ ಕನ್ನಡಿಯ ಬೆನ್ನು ಓದುವುದು ಹೇಗೆ?

ಚೀನಾದ ಹಾನ್ ಅರಸರ ಕಾಲದ ‘ಟಿಎಲ್‌ವಿ’ (ಟಿ, ಎಲ್, ವಿ ಆಕಾರದ ಗುರುತುಗಳಿರುವ) ಕಂಚಿನ ಕನ್ನಡಿಯನ್ನು ಮಗುಚಿದರೆ ದುಂಡನೆಯ ಅಂಚು ಆಕಾಶ, ನಡುವಿನ ಚೌಕ ಭೂಮಿ. ಮಧ್ಯದ ತೂತುಳ್ಳ ಉಬ್ಬು ದಾರ ಪೋಣಿಸಲಿಕ್ಕೆ. ಹಲವು ಕನ್ನಡಿಗಳ ಚೌಕದೊಳಗೆ ಹನ್ನೆರಡು ಭೂಶಾಖೆಗಳ, ಅಂದರೆ ಕಾಲ ಮತ್ತು ದಿಕ್ಕು ಸೂಚಿಸುವ ಚೀನೀ ಚಿಹ್ನೆಗಳ, ಅಕ್ಷರಗಳಿರುತ್ತವೆ. ಮೊದಲು ‘ಝೀ’ (子) ಹುಡುಕಿ, ಅದೇ ಉತ್ತರ ದಿಕ್ಕು. ಅದರಾಚೆ ಹಾವು ಸುತ್ತಿದ ಆಮೆ ಸಿಗಬೇಕು. ಪೂರ್ವಕ್ಕೆ ಡ್ರ್ಯಾಗನ್, ದಕ್ಷಿಣಕ್ಕೆ ಕೆಂಪು ಹಕ್ಕಿ, ಪಶ್ಚಿಮಕ್ಕೆ ಬಿಳಿ ಹುಲಿ.

ಎಡವಟ್ಟಾಗುವುದು ಫೋಟೊ ನೋಡುವಾಗ. ಹಳೆಯ ಚೀನೀ ರೂಢಿಯಲ್ಲಿ ದಕ್ಷಿಣ ಮೇಲಕ್ಕೆ, ಹಾಗಾಗಿ ಡ್ರ್ಯಾಗನ್ ಎಡಕ್ಕೆ ಬರುತ್ತದೆ.

ಚೌಕದ ಬದಿಗಳಿಂದ ಹೊರಡುವ ‘ಟಿ’, ಅದರೆದುರಿನ ‘ಎಲ್’, ಮೂಲೆಗಳೆದುರಿನ ‘ವಿ’ ಗುರುತುಗಳು ಲ್ಯೂಬೋ ಎಂಬ ಹಳೆಯ ಚೀನೀ ಆಟದ ಹಲಗೆಯಲ್ಲೂ ಇವೆ. ಹಾಗಾಗಿ ಇಡೀ ವಿನ್ಯಾಸ ಬರೀ ವಿಶ್ವದ ನಕ್ಷೆ ಎನ್ನುವುದು ನನ್ನ ಮಟ್ಟಿಗೆ ಅವಸರದ ಮಾತು.

ಲೋಹದಲ್ಲಿ ಸುಮಾರು ಕಾಲುಭಾಗ ತವರ. ಬೆಳ್ಳಿಯಂಥ ಹೊಳಪು ಅದರಿಂದಲೇ. ಬಿದ್ದರೆ ಬಗ್ಗದೆ ಒಡೆಯುವುದೂ ಅದರಿಂದಲೇ.